ಬಷೀರಣ್ಣನ ಮೂಗು, ನನ್ನ ಸೈರನ್ನು

ಹೋದ ತಿಂಗಳು ದೇವನಹಳ್ಳಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ತಲೆಗೆ ಬಣ್ಣ ಹಾಕಿಸಿಕೊಳ್ಳಲು ಕೂತಿದ್ದೆ. ತಮ್ಮನ ಮಗಳ ನಾಮಕರಣ, ಫೋಟೋ ತೆಗೆಯುತ್ತಾರೆ, ನರೆಗೂದಲು ಹೊತ್ತುಕೊಂಡು ಬರಬೇಡ ಎಂದು ಅಮ್ಮನ ಆಜ್ಞೆಯಾಗಿತ್ತು. ಪಾರ್ಲರಿನ ಹುಡುಗಿ ಬಟ್ಟಲಿಗೆ ಎರಡು ಟ್ಯೂಬು ಹಿಂಡಿ, ಕಲಸಿ, ನನ್ನ ತಲೆಯ ಹತ್ತಿರ ತಂದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿಯಿಂದ ಎದ್ದಿದ್ದೆ. ಕುತ್ತಿಗೆಗೆ ಕಟ್ಟಿದ್ದ ಪ್ಲಾಸ್ಟಿಕ್ ಹೊದಿಕೆಯ ಸಮೇತ ಬಾಗಿಲ ತನಕ ಹೋಗಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾ ನಿಂತಿದ್ದೆ. ಹುಡುಗಿ ಗಾಬರಿಯಾಗಿ, ಕಣ್ಣುರೀತಿದೆಯಾ ಮೇಡಂ, ಅಮೋನಿಯಾ ಇಲ್ಲದ್ದೂ ಇದೆ, ರೇಟು ಸ್ವಲ್ಪ ಜಾಸ್ತಿ ಎಂದಳು. ಬೇಡಮ್ಮ, ಇದೇ ಇರಲಿ ಎಂದು ವಾಪಸು ಬಂದು ಕೂತೆ.

ಬಣ್ಣ ಹಿಡಿಯಲಿ ಎಂದು ಕಾಯುವ ಅರ್ಧ ಗಂಟೆ ನಾನು ಆ ಪಾರ್ಲರಿನಲ್ಲಿರಲಿಲ್ಲ. ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿ, ಒಂದು ಕೋಲ್ಡ್ ಸ್ಟೋರೇಜಿನ ತಗಡಿನ ಚಾವಣಿಯ ಕೆಳಗೆ ಇದ್ದೆ. ಕೊರೊನಾ ತಣ್ಣಗಾದ ಮಾರನೆಯ ವರ್ಷದ ಮಳೆಗಾಲ ಅದು.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯವಳು. ಎಂಟು ಪವರ್‌ಲೂಮಿನ ಸದ್ದಿನಲ್ಲೇ ಹುಟ್ಟಿ, ಆ ಸದ್ದಿನಲ್ಲೇ ಓದಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದೆ. ನಮ್ಮಪ್ಪ ಮಧ್ಯಾಹ್ನ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಎಂಟರಲ್ಲಿ ಒಂದು ನಿಂತರೆ ಮಾತ್ರ ಥಟ್ಟನೆ ಎದ್ದು ಕೂರುತ್ತಿದ್ದರು. ಸದ್ದು ಅವರನ್ನು ಎಬ್ಬಿಸುತ್ತಿರಲಿಲ್ಲ, ಸದ್ದು ನಿಂತದ್ದು ಎಬ್ಬಿಸುತ್ತಿತ್ತು. ಆ ಗುಣ ಒಂದಿಷ್ಟು ನನಗೂ ಬಂದಿದ್ದರೆ ನಾನೀಗ ಈ ಕತೆ ಹೇಳಬೇಕಾಗುತ್ತಿರಲಿಲ್ಲ.

ಕಾರ್ಖಾನೆಗಳಿಗೆ ಮೀಟರು, ಅಲಾರಮ್ಮು, ಕಂಪ್ಯೂಟರು ಜೋಡಿಸಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಆಗ ನನಗೆ ಕೆಲಸ. ಆ ಜೂನಿನಲ್ಲಿ ನಮ್ಮ ಸಾಹೇಬರು ನನ್ನನ್ನು ಪಿಲ್ಲಗುಂಪೆಯ ಆ ಕೋಲ್ಡ್ ಸ್ಟೋರೇಜಿಗೆ ಹಾಕಿದರು. ಹೊಸಕೋಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಹುಣಸೆಹಣ್ಣು, ಒಣಮೆಣಸಿನಕಾಯಿ, ಆಲೂಗಡ್ಡೆ, ಕಾಲಕ್ಕೆ ತಕ್ಕಂತೆ ದ್ರಾಕ್ಷಿ, ಇವೆಲ್ಲ ಅಲ್ಲಿ ತಣ್ಣಗೆ ಮಲಗಿರುತ್ತಿದ್ದವು. ಅವನ್ನು ತಣ್ಣಗಿಡುವುದು ಕೊಳವೆಗಳಲ್ಲಿ ಓಡುವ ಅಮೋನಿಯಾ ಗ್ಯಾಸು. ಅದು ಒಂದಿಷ್ಟು ಸೋರಿದರೆ ಕಣ್ಣುರಿ, ಜಾಸ್ತಿ ಸೋರಿದರೆ ಉಸಿರೇ ನಿಲ್ಲುತ್ತದೆ. ಹಾಗಾಗಿ ಗೋಡೆಗಳ ಮೇಲೆ ಗ್ಯಾಸು ಗುರುತಿಸುವ ಮೀಟರುಗಳು, ಐದು ಜಾಗದಲ್ಲಿ ಸೈರನ್ನುಗಳು: ಕಂಪ್ರೆಸರ್ ರೂಮು, ಪ್ಯಾಕಿಂಗ್ ಹಾಲು, ಲೋಡಿಂಗ್ ಕಟ್ಟೆ, ಕೋಲ್ಡ್ ರೂಮುಗಳ ಮುಂದಿನ ಓಣಿ, ಗೇಟು. ಆಫೀಸಿನಲ್ಲಿ ಸೈರನ್ ಇರಲಿಲ್ಲ. ನನ್ನ ನೆತ್ತಿ ಮೇಲೆ ಅದು ಬೇಡ ಎಂದು ಮ್ಯಾನೇಜರ್ ಮುನಿರಾಜು ತಡೆದಿದ್ದರು.

ಹಳೆಯ ಏರ್ಪಾಡಿನಲ್ಲಿ ಆಫೀಸಿನ ಕಂಪ್ಯೂಟರು ಐದು ಸೈರನ್ನುಗಳಿಗೂ ಒಂದಾದ ಮೇಲೊಂದರಂತೆ ಹೇಳಿಕೊಂಡು ಹೋಗುತ್ತಿತ್ತು. ಒಂದು ಕಡೆ ಉತ್ತರ ಬಾರದಿದ್ದರೆ ಅಲ್ಲೇ ನಿಂತು ಕಾಯುತ್ತಿತ್ತು. ಆ ವರ್ಷದ ಮೊದಲ ಮಳೆಗೆ ಲೋಡಿಂಗ್ ಕಟ್ಟೆಯ ಸೈರನ್ನಿಗೆ ನೀರಿಳಿದು ಅದು ಸತ್ತಿತ್ತು. ಟೆಸ್ಟ್ ಮಾಡಿದಾಗ ಕಂಪ್ಯೂಟರು ಸತ್ತವನ ಬಾಗಿಲು ತಟ್ಟುತ್ತಾ ನಿಂತು, ಅದರ ಹಿಂದಿದ್ದ ಓಣಿ, ಗೇಟುಗಳ ಸೈರನ್ನುಗಳು ಒಂದು ನಿಮಿಷ ತಡವಾಗಿ ಕೂಗಿದವು. ನನ್ನನ್ನು ಕರೆಸಿದ್ದು ಅದಕ್ಕೇ.

ಸತ್ತ ಸೈರನ್ನನ್ನು ಬದಲಾಯಿಸಿ, ನಾನು ಮಲ್ಟಿಕಾಸ್ಟ್ ಎಂಬ ವಿಧಾನ ಹಾಕಿದೆ. ಕಂಪ್ಯೂಟರುಗಳ ನಡುವೆ ಸಂದೇಶ ಸಾಗಿಸುವುದಕ್ಕೆಂದೇ ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳಿರುತ್ತವೆ, ನಾವು ಲೈಬ್ರರಿ ಎನ್ನುತ್ತೇವೆ. ನಾವು ಬಳಸುತ್ತಿದ್ದ ಲೈಬ್ರರಿಯಲ್ಲಿ ಇದು ಬಲು ಸಲೀಸು. ಐದು ವಿಳಾಸ ಇದ್ದ ಜಾಗದಲ್ಲಿ ಒಂದು ಗುಂಪಿನ ವಿಳಾಸ ಬರೆದರೆ ಆಯಿತು. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರಲ್ಲ, ಹಾಗೆ. ಡಂಗುರದವನು ಮನೆಮನೆಯ ಬಾಗಿಲು ತಟ್ಟುವುದಿಲ್ಲ, ಬೀದಿಯಲ್ಲಿ ನಿಂತು ಒಮ್ಮೆ ಹೇಳುತ್ತಾನೆ. ಐದು ಕಡೆಯ ತಂತಿಗಳೂ ಬಂದು ಸೇರುವ ಜಾಗಕ್ಕೆ ಸ್ವಿಚ್ಚು ಎಂಬ ಹೊಸ ಡಬ್ಬವನ್ನೂ ತರಿಸಿದೆ. ಯಾವ ಸೈರನ್ನು ಗುಂಪಿಗೆ ಸೇರಿದೆ ಎಂದು ಅದು ಪಟ್ಟಿ ಇಟ್ಟುಕೊಂಡು ಅವಕ್ಕೆ ಮಾತ್ರ ಸಂದೇಶ ದಾಟಿಸುತ್ತದೆ. ಟೆಸ್ಟಿನಲ್ಲಿ ಐದೂ ಸೈರನ್ನು ಒಂದೇ ಉಸಿರಿಗೆ ಕೂಗಿದವು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವಂತೆ ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಅದನ್ನೇ ವಿವರಿಸಿಕೊಂಡು ತಿರುಗಿದೆ.

ಮುನಿರಾಜು ತಲೆಯಾಡಿಸಿದರು. ಪ್ಯಾಕಿಂಗ್ ಹಾಲಿನ ಹೆಂಗಸರ ಮೇಸ್ತ್ರಿ ರತ್ನಕ್ಕ, ಒಳ್ಳೇದಾಯ್ತು ಬಿಡಿ ಎಂದು ಮೆಣಸಿನಕಾಯಿ ಆರಿಸುವುದಕ್ಕೆ ಹೋದರು. ಪ್ರಶ್ನೆ ಕೇಳಿದ್ದು ಬಷೀರಣ್ಣ ಒಬ್ಬರೇ. ಇಪ್ಪತ್ತು ವರ್ಷದಿಂದ ಅಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ಆಪರೇಟರು, ಹೊಸಕೋಟೆಯವರು. ಅವರ ಮೂಗಿನ ಮೇಲೆ ಎಲ್ಲರಿಗೂ ಅಪಾರ ನಂಬಿಕೆ. ಬಷೀರಣ್ಣನ ಮೂಗಿರೋವಾಗ ಮೀಟರ್ ಯಾಕೆ ಎನ್ನುವುದು ಅಲ್ಲಿನ ಹೆಂಗಸರ ಮಾತು.

"ಸರಿ ಮೇಡಂ, ನೀವು ಒಂದ್ಸಲ ಕೂಗ್ಬಿಡ್ತೀರಾ. ಕೇಳಿಸ್ತೋ ಇಲ್ವೋ ಅಂತ ನಿಮ್ಗೆ ಯಾರ್ ಹೇಳ್ತಾರೆ?"

ಯಾರಿಗಾದರೂ ನಡುವೆ ಒಂದು ಸಂದೇಶ ತಪ್ಪಿದರೆ ಅವರೇ ಇನ್ನೊಮ್ಮೆ ಹೇಳಿ ಎಂದು ಕೇಳುತ್ತಾರೆ, ಲೈಬ್ರರಿಯಲ್ಲಿ ಅದಕ್ಕೂ ವ್ಯವಸ್ಥೆ ಇದೆ ಎಂದೆ.

"ಏನೂ ಕೇಳಿಸ್ದೇ ಇರೋನು ಏನಂತ ಕೇಳ್ತಾನೆ ಮೇಡಂ? ಅವನ್ಗೆ ಗೊತ್ತೇ ಆಗಲ್ವಲ್ಲ."

ನಾನು ನಕ್ಕುಬಿಟ್ಟೆ. ಕಂಪ್ರೆಸರ್ ಓಡಿಸುವವರಿಗೆ ಇದೆಲ್ಲ ಯಾಕೆ ಎನ್ನುವ ನಗು ಅದು. ಆ ನಗುವನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬಷೀರಣ್ಣನ ಕೆಲಸದಲ್ಲಿ ಒಂದು ಹಳೆಯ ಕ್ರಮವಿತ್ತು. ಗಂಧಕ ಮೆತ್ತಿದ ಒಂದು ಉದ್ದನೆಯ ಬತ್ತಿಗೆ ಬೆಂಕಿ ಹಚ್ಚಿ, ಊದುಬತ್ತಿ ಹಿಡಿದಂತೆ ಹಿಡಿದು, ಕೊಳವೆಗಳ ಒಂದೊಂದು ಸಂದಿಗೂ ತೋರಿಸುತ್ತಾ ಹೋಗುತ್ತಿದ್ದರು. ಎಲ್ಲಿ ಗ್ಯಾಸು ಸೋರುತ್ತಿದೆಯೋ ಅಲ್ಲಿ ಬತ್ತಿಯ ಹೊಗೆ ದಟ್ಟ ಬಿಳಿಯಾಗುತ್ತದೆ. ಮಿಕ್ಕ ಕಡೆ ವಾರಕ್ಕೊಮ್ಮೆ ಮಾಡುವ ಈ ಕೆಲಸವನ್ನು ಅವರು ದಿನಕ್ಕೆ ಮೂರು ಸಲ ಮಾಡುತ್ತಿದ್ದರು. ಗಂಧಕದ ಹೊಗೆ ಪ್ಯಾಕಿಂಗ್ ಹಾಲಿಗೂ ಬಂದು ಹೆಂಗಸರು ಕೆಮ್ಮುತ್ತಿದ್ದರು, ಮುನಿರಾಜು ಗೊಣಗುತ್ತಿದ್ದರು. ಇಷ್ಟು ಚುರುಕು ಮೂಗಿನವರಿಗೆ ಈ ಬತ್ತಿ ಯಾಕೆ ಎಂದು ಯಾರೂ ಕೇಳಿರಲಿಲ್ಲ.

ನನಗೆ ಅದು ತಿಳಿದದ್ದು ಆಗಸ್ಟಿನಲ್ಲಿ. ಕಂಪ್ರೆಸರ್ ರೂಮಿನ ಮೂಲೆಯಲ್ಲಿ ಒಂದು ಕರೆಂಟ್ ಒಲೆ ಇತ್ತು. ಮಧ್ಯಾಹ್ನ ಅದರ ಮೇಲೆ ಬುತ್ತಿ ಬಿಸಿಗಿಟ್ಟು ನಾನು ತಂತಿ ಎಳೆಯುವುದರಲ್ಲಿ ಮೈಮರೆತೆ. ವಾಪಸು ಬಂದರೆ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಕರಗಿ ಸುಟ್ಟು ರೂಮೆಲ್ಲ ನಾರುತ್ತಿದೆ. ಅದರ ಪಕ್ಕದಲ್ಲೇ, ಒಲೆಗೆ ಬೆನ್ನು ಮಾಡಿ ಕೂತ ಬಷೀರಣ್ಣ ನೆಮ್ಮದಿಯಾಗಿ ರೀಡಿಂಗ್ ಬರೆಯುತ್ತಿದ್ದಾರೆ. ನಾನು ಮೂಗು ಮುಚ್ಚಿಕೊಂಡು ಒಲೆ ಆರಿಸಿದೆ. ಅವರು ತಿರುಗಿದರು. ನನ್ನ ಕೈ ಮೂಗಿನ ಮೇಲಿದ್ದದ್ದು ನೋಡಿದರು, ಒಲೆ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

ಕೊರೊನಾ ಬಂದಾಗ ವಾಸನೆ ಹೋದದ್ದು ವಾಪಸು ಬರಲೇ ಇಲ್ಲವಂತೆ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದು, ಯಾರಿಗೂ ಹೇಳದೆ, ಬತ್ತಿ ಹಿಡಿದುಕೊಂಡು ಕಣ್ಣಿನಿಂದಲೇ ಕೆಲಸ ನಡೆಸಿದ್ದರು. ಮೂಗಿಲ್ಲದ ಆಪರೇಟರನ್ನು ಯಾರು ಇಟ್ಟುಕೊಳ್ಳುತ್ತಾರೆ, ಈ ವಯಸ್ಸಿನಲ್ಲಿ ಇನ್ಯಾವ ಕೆಲಸ ಬರುತ್ತೆ ನನಗೆ ಎಂದರು. ಯಾರಿಗೂ ಹೇಳಬೇಡಿ ಎಂದು ಅವರು ಬಾಯಿಬಿಟ್ಟು ಕೇಳುವ ಮುಂಚೆಯೇ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಇನ್ನು ಮೇಲೆ ನನ್ನ ಸೈರನ್ನೇ ನಿಮ್ಮ ಮೂಗು ಬಷೀರಣ್ಣ, ಆ ಬತ್ತಿ ಬಿಸಾಕಿ ಎಂದೂ ಸೇರಿಸಿದೆ. ನನ್ನ ಬಾಯಿಗೆ ಬೀಗ ಹಾಕುವವರು ಅಲ್ಲಿ ಯಾರೂ ಇರಲಿಲ್ಲ.

ಅವರು ಒಡನೆಯೇ ಬಿಸಾಕಲಿಲ್ಲ. ನಾನು ಹಟ ಬಿಡಲಿಲ್ಲ. ಅವರ ರೂಮಿನ ಮೀಟರು ಒಂದಿಷ್ಟು ಗ್ಯಾಸಿಗೂ ಎಚ್ಚರಾಗುವಂತೆ ಮಾಡಿದೆ. ಅವರು ಕೂರುವ ಜಾಗದ ಎದುರಿಗೇ ಸೈರನ್ನು ಬದಲಾಯಿಸಿ ಹಾಕಿಸಿದೆ. ಪ್ರತಿ ಶನಿವಾರ ಟೆಸ್ಟ್ ಇಟ್ಟೆ. ಟೆಸ್ಟಿನ ಮುಂಚೆ ಒಮ್ಮೆ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡುವುದು ನನ್ನ ಪದ್ಧತಿ. ಹೊತ್ತಿಲ್ಲ ಗೊತ್ತಿಲ್ಲ ಕರೆಂಟ್ ಹೋಗುವ ಊರಿನ ಮಗ್ಗದ ಮನೆಯಲ್ಲಿ ಬೆಳೆದವರೆಲ್ಲರ ಪದ್ಧತಿ ಅದೇ. ಆನ್ ಆದ ತಕ್ಷಣ ಗುಂಡಿ ಒತ್ತುತ್ತಿದ್ದೆ, ಐದೂ ಸೈರನ್ನು ಕೂಗುತ್ತಿದ್ದವು. ಆ ಮಳೆಗಾಲದ ಒಂದು ಶನಿವಾರವೂ ಅದು ತಪ್ಪಲಿಲ್ಲ.

ಅಕ್ಟೋಬರ್ ಮೊದಲ ವಾರ ಆಯುಧಪೂಜೆ ಬಂತು. ಕಂಪ್ರೆಸರ್ ನಿಲ್ಲಿಸಿದರೆ ಮಾಲು ಕೆಡುತ್ತದೆ, ಹಾಗಾಗಿ ಅದಕ್ಕೆ ಓಡುತ್ತಿದ್ದಂತೆಯೇ ಕುಂಕುಮ. ಮಿಕ್ಕದ್ದನ್ನೆಲ್ಲ ಒರೆಸಿ ತೊಳೆದು ಪ್ಯಾಕಿಂಗ್ ಹಾಲಿನಲ್ಲಿ ಸಾಲಾಗಿ ಇಟ್ಟರು. ತಕ್ಕಡಿ, ಸ್ಪ್ಯಾನರುಗಳು, ಹೆಂಗಸರ ಕತ್ತರಿ, ಮೊರ. ನಾನೂ ಆಫೀಸಿನ ಗೋಡೆ ಒರೆಸಲು ಹೋದೆ. ಅಲ್ಲಿ ಮೊದಲಿನಿಂದಲೂ ಇದ್ದ ಒಂದು ಹಳೆಯ ನೆಟ್‌ವರ್ಕ್ ಡಬ್ಬ ಧೂಳು ತಿಂದು, ಒಂದೇ ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು. ಸೈರನ್ನಿನ ತಂತಿಗಳೆಲ್ಲ ನನ್ನ ಹೊಸ ಸ್ವಿಚ್ಚಿಗೆ ಬಂದಿದ್ದವು, ಇದಕ್ಕೆ ಏನೂ ಕೆಲಸವಿಲ್ಲ ಎಂದುಕೊಂಡೆ. ಬಿಚ್ಚಿ ಕೆಳಗಿಳಿಸಿ, ಒರೆಸಿ, ಅದಕ್ಕೂ ಒಂದು ಬೊಟ್ಟು ಇಟ್ಟು ಪೂಜೆಯ ಸಾಲಿನಲ್ಲಿರಿಸಿದೆ. ನಿವೃತ್ತಿಯ ಸನ್ಮಾನ ಎಂದು ತಮಾಷೆಯನ್ನೂ ಮಾಡಿದೆ. ಆ ಮಾತು ಕೇಳಿ ಬಷೀರಣ್ಣ ಜೇಬಿನಿಂದ ಗಂಧಕದ ಬತ್ತಿಯ ಕಟ್ಟು ತೆಗೆದು ಆ ಡಬ್ಬದ ಪಕ್ಕ ಇಟ್ಟರು. ಇದಕ್ಕೂ ಆಗಲಿ ಮೇಡಂ, ನೀವಿದೀರಲ್ಲ ಎಂದರು.

ಬೂದುಗುಂಬಳ ಒಡೆದರು. ಎಲ್ಲವನ್ನೂ ಮತ್ತೆ ಆನ್ ಮಾಡಿ ನಾನು ಗುಂಡಿ ಒತ್ತಿದೆ, ಐದೂ ಸೈರನ್ನು ಕೂಗಿದವು. ಹೆಂಗಸರು ನಗುತ್ತಾ ಕಿವಿ ಮುಚ್ಚಿಕೊಂಡರು. ಕಡಲೆಪುರಿ ಹಂಚಿದರು. ನಂತರದ ಶನಿವಾರವೂ ಆಫ್ ಮಾಡಿ, ಆನ್ ಮಾಡಿ, ಒತ್ತಿದೆ. ಐದೂ ಕೂಗಿದವು.

ಚಿತ್ತಾ ಮಳೆ ಹಿಡಿದ ಮೂರನೆಯ ದಿನ. ಬೆಳಗಿನ ಹನ್ನೊಂದು ಗಂಟೆ ಇರಬಹುದು. ತಗಡಿನ ಚಾವಣಿಯ ಮೇಲೆ ಮಳೆ ಎಂಥದ್ದೆಂದರೆ ಎದುರು ಕೂತವರ ಜೊತೆ ಕೂಗಿ ಮಾತಾಡಬೇಕು. ನಾನು ಆಫೀಸಿನಲ್ಲಿ ಒಬ್ಬಳೇ ಇದ್ದೆ. ಕಂಪ್ಯೂಟರಿನ ಪರದೆಯಲ್ಲಿ ಕಂಪ್ರೆಸರ್ ರೂಮಿನ ಮೀಟರು ಕೆಂಪಾಯಿತು. ಅದರ ಕೆಳಗೇ ಒಂದು ಸಾಲು ಮೂಡಿತು: ಸೈರನ್ ಸಂದೇಶ ಕಳಿಸಲಾಗಿದೆ. ನನಗೆ ಗಾಬರಿಯಾಗಲಿಲ್ಲ. ನಿಜ ಹೇಳುತ್ತೇನೆ, ಒಂದು ಕ್ಷಣ ಖುಷಿಯಾಯಿತು. ನಾನು ಮಾಡಿದ್ದು ಕೆಲಸಕ್ಕೆ ಬಂತು ಎಂಬ ಖುಷಿ. ಈಗ ಬಷೀರಣ್ಣ ಎದ್ದಿರುತ್ತಾರೆ, ಹೆಂಗಸರು ಹೊರಟಿರುತ್ತಾರೆ ಎಂದುಕೊಂಡೆ. ಸೈರನ್ನಿನ ಸದ್ದು ಕೇಳಿಸುತ್ತಿರಲಿಲ್ಲ, ಮಳೆಗೆ ಮುಚ್ಚಿಹೋಗಿರಬೇಕು ಎಂದುಕೊಂಡೆ. ಮೀಟರಿನ ಅಂಕಿ ಏರುತ್ತಲೇ ಇತ್ತು. ಬಷೀರಣ್ಣ ವಾಲ್ವ್ ಮುಚ್ಚಿ ಫೋನು ಮಾಡುತ್ತಾರೆ ಎಂದು ಕಾದೆ.

ಎಷ್ಟು ಹೊತ್ತು ಕಾದೆನೋ, ಒಂದೂವರೆ ನಿಮಿಷವೋ ಎರಡೋ. ಕಿಟಕಿಯಿಂದ ಗೇಟಿನ ಕಡೆ ಕಣ್ಣು ಹೋಯಿತು. ಸೈರನ್ನಿನ ನೇರ ಕೆಳಗೆ ಸ್ಟೂಲು ಹಾಕಿಕೊಂಡು ಕೂತ ವಾಚ್‌ಮನ್ ಫ್ಲಾಸ್ಕಿನಿಂದ ಲೋಟಕ್ಕೆ ಟೀ ಬಗ್ಗಿಸಿಕೊಳ್ಳುತ್ತಿದ್ದ. ಬಗ್ಗಿಸಿಕೊಂಡು, ಊದಿ, ಒಂದು ಗುಟುಕು ಕುಡಿದ.

ಗುಂಡಿ ಒತ್ತಿದೆ. ಕಳಿಸಲಾಗಿದೆ ಎಂದಿತು ಪರದೆ. ಮತ್ತೆ ಒತ್ತಿದೆ, ಮತ್ತೆ ಕಳಿಸಲಾಗಿದೆ. ವಾಚ್‌ಮನ್ ಇನ್ನೊಂದು ಗುಟುಕು ಕುಡಿದ. ಬಷೀರಣ್ಣನ ಫೋನಿಗೆ ಹಚ್ಚಿದೆ, ರಿಂಗಾಗಿ ರಿಂಗಾಗಿ ನಿಂತಿತು. ನಾನು ಮಳೆಯಲ್ಲೇ ಓಡಿದೆ.

ಅಂಗಳದ ಆಚೆ ಕೊನೆಯಲ್ಲಿ, ಗಾಳಿಗೆದುರಾಗಿ, ಹೆಂಗಸರೆಲ್ಲ ಒದ್ದೆ ಸೆರಗು ಮೂಗಿಗೆ ಹಿಡಿದು ನಿಂತಿದ್ದರು. ಯಾವ ಸೈರನ್ನೂ ಅವರನ್ನು ಕರೆದಿರಲಿಲ್ಲ. ರತ್ನಕ್ಕನಿಗೆ ವಾಸನೆ ಬಂದು ಎಬ್ಬಿಸಿಕೊಂಡು ಬಂದಿದ್ದರು. ಅವರೆಲ್ಲ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯವರು. ಸರ್ಕಾರಕ್ಕೆ ಜಮೀನು ಬಿಡೋಲ್ಲ ಎಂದು ಧರಣಿಗೆ ಹೋಗಿಬರುವಾಗ ಟೆಂಪೋದಲ್ಲಿ ಯಾರೂ ತಪ್ಪಿಹೋಗಬಾರದೆಂದು ರತ್ನಕ್ಕ ಒಬ್ಬೊಬ್ಬರ ಹೆಸರು ಕೂಗಿ ಹ್ಞೂ ಅನ್ನಿಸಿಕೊಳ್ಳುತ್ತಿದ್ದರು. ಆ ದಿನವೂ ಮಳೆಯಲ್ಲಿ ನಿಂತು ಅದನ್ನೇ ಮಾಡುತ್ತಿದ್ದರು. ಹೆಂಗಸರೆಲ್ಲ ಹ್ಞೂ ಎಂದರು. ಓಣಿಯಿಂದ ಬಂದ ಹಮಾಲರು ಹ್ಞೂ ಎಂದರು. ಅಷ್ಟರಲ್ಲಿ ಮುನಿರಾಜು ಛತ್ರಿ ಬಿಸಾಕಿ ಓಡಿಬಂದರು. ರತ್ನಕ್ಕ ಕೊನೆಗೆ, "ಬಷೀರಣ್ಣ" ಎಂದು ಕೂಗಿದರು. ಯಾರೂ ಹ್ಞೂ ಅನ್ನಲಿಲ್ಲ.

ಅವರು ಹಿಂದಿನ ಬಾಗಿಲಿಂದ ಆಗಲೇ ಹೊರಗೆ ಹೋಗಿರ್ತಾರೆ, ಎಲ್ಲರಿಗಿಂತ ಮುಂಚೆ ಗೊತ್ತಾಗೋದೇ ಅವರಿಗೆ, ಆ ಮೂಗೇನು ಸಾಮಾನ್ಯವಾ ಎಂದು ಮುನಿರಾಜು ಅಂದರು. ನಾಲ್ಕೈದು ಜನ ಹೌದು ಹೌದು ಎಂದರು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಆ ಅಂಗಳದಲ್ಲಿ ನಾನು ಬಾಯಿಬಿಟ್ಟರೆ ಕೆಡುವುದು ಬಷೀರಣ್ಣನ ಬದುಕು, ಬಿಡದಿದ್ದರೆ ಹೋಗುವುದು ಅವರ ಜೀವ. ಯೋಚಿಸಲು ಅಲ್ಲಿ ಏನೂ ಇರಲಿಲ್ಲ. ಆದರೂ ಎರಡು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಅದನ್ನು ಬಚ್ಚಿಡುವುದಿಲ್ಲ.

"ಅವ್ರಿಗೆ ವಾಸನೆ ಬರಲ್ಲ ಸಾರ್. ಕೊರೊನಾದಿಂದ ಬರಲ್ಲ. ಅವ್ರು ಒಳಗೇ ಇದಾರೆ."

ಮುನಿರಾಜು ನನ್ನನ್ನು ಒಮ್ಮೆ ನೋಡಿದರು. ಅಂಥ ನೋಟವನ್ನು ಮತ್ತೆ ಯಾರಿಂದಲೂ ನಾನು ಪಡೆದಿಲ್ಲ. ಓಣಿಯ ಗೋಡೆಯಲ್ಲಿದ್ದ ಗ್ಯಾಸಿನ ಮುಖವಾಡ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಅವರೇ ಒಳಗೆ ಹೋದರು. ಅಮೋನಿಯಾ ನೀರಿಗೆ ಕರಗುತ್ತದೆ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ರತ್ನಕ್ಕ ನೀರಿನ ಪೈಪು ಎಳೆದು ತಂದು ಬಾಗಿಲಿಗೆ ಹಿಡಿದು ನಿಂತರು, ಕಣ್ಣಿಂದ ನೀರು ಸುರಿಯುತ್ತಿದ್ದರೂ ಜಾಗ ಬಿಡಲಿಲ್ಲ. ನಾನು ಅವರ ಹಿಂದೆ ಪೈಪು ಹಿಡಿದಿದ್ದೆ. ಮಳೆ ಕಮ್ಮಿಯಾಗದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಒಳಗೆ ಬಷೀರಣ್ಣನಿಗೆ ಕಣ್ಣುರಿ ಶುರುವಾದಾಗ ಎದ್ದು ಮುಂದಿನ ಬಾಗಿಲ ಕಡೆ ನಡೆದಿದ್ದರಂತೆ. ಸೋರುತ್ತಿದ್ದದ್ದು ಆ ಬಾಗಿಲ ಬಳಿಯೇ. ಮೂಗಿದ್ದವರು ಯಾರೂ ಆ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಮುನಿರಾಜು ಅವರನ್ನು ಕಂಕುಳಿಗೆ ಕೈಹಾಕಿ ಎಳೆದು ತಂದಾಗ ಉಸಿರಿತ್ತು.

ಮಾರನೆಯ ದಿನ ವಿಚಾರಣೆ. ವಾಲ್ವಿನ ಒಂದು ವಾಷರ್ ಸವೆದಿತ್ತು, ಅದಿರಲಿ, ಸೈರನ್ ಯಾಕೆ ಕೂಗಲಿಲ್ಲ? ಕೂಗಲಿಲ್ಲ ಎಂದರು ರತ್ನಕ್ಕ. ಕೆಲಸ ಹೋಗುತ್ತದೆಂದು ಹೆದರಿದ ವಾಚ್‌ಮನ್, ಕೂಗಿತು ಅನ್ಸುತ್ತೆ, ಮಳೆ ಇತ್ತು ಎಂದ. ಮುನಿರಾಜು ಟೆಸ್ಟ್ ಮಾಡಿ ಎಂದರು. ನಾನು ನನ್ನ ಪದ್ಧತಿಯಂತೆ ಆಫ್ ಮಾಡಿ, ಆನ್ ಮಾಡಿ, ಒತ್ತಿದೆ. ಐದೂ ಕೂಗಿದವು. ನಮ್ಮ ಸಾಹೇಬರು ಫೋನಿನಲ್ಲಿ, ಸಂದೇಶ ಹೋಗಿದೆ ಅಂತ ಕಂಪ್ಯೂಟರಿನಲ್ಲಿ ದಾಖಲೆ ಇದೆಯಲ್ಲ, ನೀನು ಒಂದು ಮಾತೂ ಹೆಚ್ಚಿಗೆ ಆಡಬೇಡ ಎಂದರು. ವಾಚ್‌ಮನ್ ಟೀ ಬಗ್ಗಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಸುಮ್ಮನಿದ್ದೆ. ಎಲ್ಲರೂ ಸೇರಿ ತೀರ್ಮಾನ ಮಾಡಿದ್ದು ಇಷ್ಟು: ಸೈರನ್ ಕೂಗಿದೆ, ಮಳೆಯಲ್ಲಿ ಯಾರಿಗೂ ಕೇಳಿಸಿಲ್ಲ, ಆಪರೇಟರಿಗೆ ಮೂಗಿಲ್ಲದ್ದೇ ಅನಾಹುತಕ್ಕೆ ಕಾರಣ.

ಆ ಸಂಜೆ ಮುನಿರಾಜು ಜೊತೆ ಆಸ್ಪತ್ರೆಗೆ ಹೋದೆ. ಬಷೀರಣ್ಣನ ಕಣ್ಣಿಗೆ ಬ್ಯಾಂಡೇಜು. ಬಂದಿದೀನಿ ಎಂದರೆ ಬೈಯುತ್ತಾರೆ ಎಂದುಕೊಂಡು ಗೋಡೆಗೊರಗಿ ನಿಂತಿದ್ದೆ. ಮುನಿರಾಜು ಸೈರನ್ನಿನ ಮಾತೆತ್ತಿದಾಗ ಅವರು ದನಿ ಬಂದಷ್ಟರಲ್ಲೇ ಹೇಳಿದರು:

"ಹೊಡೆದಿರ್ತದೆ ಸಾರ್, ಮೇಡಮ್ಮೋರ ಕೆಲ್ಸ ತಪ್ಪಲ್ಲ. ನಂಗೇ ಕೇಳಿಸ್ಲಿಲ್ಲ. ಎದ್ರಿಗೇ ಇತ್ತು, ಕೇಳಿಸ್ಲಿಲ್ಲ. ಮೂಗಾಯ್ತು, ಈಗ ಕಿವೀನೂ ಹೋಯ್ತು ಅನ್ಸುತ್ತೆ."

ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮರುದಿನ ಮಧ್ಯಾಹ್ನ ಆಫೀಸಿನಲ್ಲಿ ಕೂತು, ಯಾವುದನ್ನೂ ಆಫ್ ಮಾಡದೆ, ಸುಮ್ಮನೆ ಗುಂಡಿ ಒತ್ತಿದೆ. ಒಂದೂ ಕೂಗಲಿಲ್ಲ. ಆಫ್ ಮಾಡಿ ಆನ್ ಮಾಡಿ ಒತ್ತಿದೆ, ಐದೂ ಕೂಗಿದವು. ಗಡಿಯಾರ ಎದುರಿಗಿಟ್ಟುಕೊಂಡೆ. ನಾಲ್ಕು ನಿಮಿಷಕ್ಕೆ ಒತ್ತಿದರೆ ಕೂಗುತ್ತವೆ, ಐದಕ್ಕೆ ಒತ್ತಿದರೆ ಇಲ್ಲ. ತಲೆಯೆತ್ತಿದಾಗ ಬೀರುವಿನ ಮೇಲೆ ಕುಂಕುಮ ಹಚ್ಚಿದ ಹಳೆಯ ಡಬ್ಬ ಕಂಡಿತು. ಆಗ ಅರ್ಥವಾಯಿತು. ಆನ್ ಆದಾಗ ಸೈರನ್ನುಗಳು ತಾವಾಗಿಯೇ ಹೆಸರು ಬರೆಸಿಕೊಳ್ಳುತ್ತವೆ, ಆದರೆ ನನ್ನ ಸ್ವಿಚ್ಚು ಇಟ್ಟುಕೊಳ್ಳುವ ಪಟ್ಟಿ ಶಾಶ್ವತವಲ್ಲ. ಎರಡು ನಿಮಿಷಕ್ಕೊಮ್ಮೆ ಯಾರಾದರೂ ಸೈರನ್ನುಗಳನ್ನು, ಇನ್ನೂ ಗುಂಪಿನಲ್ಲಿದ್ದೀರಾ ಎಂದು ಕೇಳುತ್ತಿರಬೇಕು, ಅವು ಇದ್ದೇವೆ ಎನ್ನಬೇಕು. ಯಾರೂ ಕೇಳದಿದ್ದರೆ ನಾಲ್ಕೂಚಿಲ್ಲರೆ ನಿಮಿಷದಲ್ಲಿ ಸ್ವಿಚ್ಚು ಎಲ್ಲರ ಹೆಸರು ಹೊಡೆದುಹಾಕಿ, ಬಂದ ಸಂದೇಶವನ್ನು ಸದ್ದಿಲ್ಲದೆ ತಡೆದುಬಿಡುತ್ತದೆ. ಕಳಿಸಿದವರಿಗೆ ಕಳಿಸಿದೆ ಎಂದೇ ಕಾಣುತ್ತದೆ. ಆ ಪ್ರಶ್ನೆ ಕೇಳುತ್ತಿದ್ದದ್ದು ಆ ಹಳೆಯ ಡಬ್ಬ. ಅದಕ್ಕೆ ಬೊಟ್ಟಿಟ್ಟು ಕೆಳಗಿಳಿಸಿದ್ದು ನಾನು. ಪ್ರತಿ ಟೆಸ್ಟಿನ ಮುಂಚೆ ಆಫ್ ಮಾಡಿ ಆನ್ ಮಾಡಿ, ಪಟ್ಟಿ ಹೊಸದಾಗಿರುವಾಗಲೇ ಒತ್ತಿ ಮೋಸಹೋದವಳೂ ನಾನೇ.

ನಂತರ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಡಬ್ಬ ಗೋಡೆಗೆ ವಾಪಸು ಹೋಯಿತು. ಸಂದೇಶ ಸಿಕ್ಕ ಪ್ರತಿ ಸೈರನ್ನೂ ತಿರುಗಿ ಹ್ಞೂ ಎನ್ನುವಂತೆ ಪ್ರೋಗ್ರಾಮು ತಿದ್ದಿದೆ. ಹ್ಞೂ ಬಾರದಿದ್ದರೆ ಆಫೀಸಿನಲ್ಲಿ ಮುನಿರಾಜು ನೆತ್ತಿಯ ಮೇಲೆ ಗಂಟೆ ಹೊಡೆಯುತ್ತದೆ. ಇದನ್ನು ನನಗೆ ಕಲಿಸಿದ್ದು ರತ್ನಕ್ಕ, ಅವರಿಗೆ ಅದು ಗೊತ್ತಿಲ್ಲ. ನಮ್ಮ ಸಾಹೇಬರು ನನ್ನನ್ನು ಆ ಜಾಗದಿಂದ ಕಿತ್ತರು, ವರ್ಷ ತುಂಬುವುದರೊಳಗೆ ನಾನೇ ಆ ಕೆಲಸ ಬಿಟ್ಟೆ. ಬಷೀರಣ್ಣನಿಗೆ ಕಣ್ಣು ಉಳಿಯಿತು, ಕಂಪ್ರೆಸರ್ ಉಳಿಯಲಿಲ್ಲ. ಗೇಟಿನಲ್ಲಿ ಲಾರಿಗಳ ಲೆಕ್ಕ ಬರೆಯುವ ಕೆಲಸ ಕೊಟ್ಟರು. ಗಂಧಕದ ಬತ್ತಿ ಈಗ ಹೊಸ ಆಪರೇಟರಿನ ಕೈಯಲ್ಲಿದೆ. ಇವತ್ತಿಗೂ ನಾನು ಎಲ್ಲೇ ಅಲಾರಂ ಕೂರಿಸಿದರೂ, ಎಲ್ಲ ಸರಿಯಾಗಿದೆ ಎಂದು ಜನ ಚಪ್ಪಾಳೆ ತಟ್ಟಿದ ಮೇಲೆ ಅವರನ್ನು ಕೂರಿಸಿ, ಟೀ ತರಿಸಿ, ಕಾದು, ಮತ್ತೊಮ್ಮೆ ಒತ್ತುತ್ತೇನೆ.

ಆದರೆ ಪಾರ್ಲರಿನ ಕುರ್ಚಿಯಲ್ಲಿ ನನ್ನೆದುರು ಬಂದು ನಿಂತದ್ದು ಇದ್ಯಾವುದೂ ಅಲ್ಲ. ಬಷೀರಣ್ಣ ಆಸ್ಪತ್ರೆಯಿಂದ ಬಂದ ದಿನ ಕಂಪ್ರೆಸರ್ ರೂಮಿನಲ್ಲಿ ನಾವು ಕಾದ ಐದು ನಿಮಿಷ.

ಸಾಹೇಬರು ಬೇಡವೆಂದಿದ್ದರು. ನಾನು ಮುನಿರಾಜು, ರತ್ನಕ್ಕ, ಬಷೀರಣ್ಣ ಮೂವರನ್ನೂ ಅಲ್ಲಿಗೆ ಕರೆದೆ. ಲ್ಯಾಪ್‌ಟಾಪು ಅಲ್ಲೇ ಇಟ್ಟುಕೊಂಡಿದ್ದೆ, ಹಳೆಯ ಡಬ್ಬವನ್ನು ಅಷ್ಟು ಹೊತ್ತಿಗೆ ಮಾತ್ರ ಮತ್ತೆ ಬಿಚ್ಚಿಟ್ಟಿದ್ದೆ. ಆಫ್ ಮಾಡಿ ಆನ್ ಮಾಡಿ ಒತ್ತಿದೆ. ಸೈರನ್ನು ಕೂಗಿತು. ಬಷೀರಣ್ಣ ಬೆಚ್ಚಿ, ಕೇಳಿಸ್ತು ಎಂದರು. ಮರುಕ್ಷಣ ಅವರ ಮುಖ ಇಳಿಯಿತು. ಈಗ ಕೇಳಿಸಿದ್ದು ಅವತ್ತು ಯಾಕೆ ಕೇಳಿಸಲಿಲ್ಲ ಎಂದು ಅವರು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು. ಐದು ನಿಮಿಷ ಕೂತ್ಕೊಳ್ಳಿ ಎಂದೆ. ಯಾಕೆ ಎಂದು ಮುನಿರಾಜು ಕೇಳಿದರು, ನಾನು ಗಡಿಯಾರ ತೋರಿಸಿದೆ. ಕಂಪ್ರೆಸರ್ ಗುಡುಗುತ್ತಿತ್ತು. ಬಷೀರಣ್ಣ ತಾವು ಇಪ್ಪತ್ತು ವರ್ಷ ಕೂತ ಸ್ಟೂಲಿನ ಮೇಲೆ ಕೂತು, ಕೆಂಪು ಕಣ್ಣಿನಲ್ಲಿ ಸೈರನ್ನನ್ನೇ ನೋಡುತ್ತಿದ್ದರು. ಆರನೆಯ ನಿಮಿಷಕ್ಕೆ ಗುಂಡಿ ಒತ್ತಿ, ಒತ್ತಿದೀನಿ ಎಂದೆ.

ಬಷೀರಣ್ಣ ಕಿವಿಗೆ ಕೈ ಆನಿಸಿದರು. ತಲೆ ವಾಲಿಸಿದರು. ಆಮೇಲೆ ಮೆಲ್ಲಗೆ ನಮ್ಮ ಮೂವರ ಮುಖಗಳನ್ನೂ ಒಂದೊಂದಾಗಿ ನೋಡಿದರು. ನಮಗೆ ಕೇಳಿಸುತ್ತಿದೆಯಾ ಎಂದು ಮುಖದಲ್ಲಿ ಹುಡುಕುತ್ತಿದ್ದರು. ಕೇಳಲು ಅವರಿಗೆ ನಾಚಿಕೆ.

"ಹೊಡೀಲಿಲ್ಲ," ಎಂದರು ಮುನಿರಾಜು.

"ನಮ್ಗೂ ಕೇಳಿಸ್ಲಿಲ್ಲ ಬಷೀರಣ್ಣ," ಎಂದರು ರತ್ನಕ್ಕ.

ಅವತ್ತೂ ಹೊಡೆದಿಲ್ಲ ಬಷೀರಣ್ಣ, ತಪ್ಪು ನನ್ನದು, ನಿಮ್ಮ ಕಿವಿಯದ್ದಲ್ಲ ಎಂದೆ. ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಈ ನೆನಪು ಎಷ್ಟೋ ಹಗುರಾಗಿರುತ್ತಿತ್ತು. ಅವರು ಕಿವಿಯ ಮೇಲಿಂದ ಕೈ ತೆಗೆಯದೆ, ಮೊದಲ ಸಲ ನಕ್ಕರು.

"ಹಂಗಾದ್ರೆ ನನ್ ಕಿವಿ ಚೆನ್ನಾಗೈತೆ," ಎಂದರು. ಆಮೇಲೆ ನಾನು ಅಲ್ಲಿ ಇಲ್ಲವೇ ಇಲ್ಲವೆನ್ನುವಂತೆ ರತ್ನಕ್ಕನ ಕಡೆ ತಿರುಗಿ, ಅವರಿಗೆ ಇನ್ನೊಮ್ಮೆ ಹೇಳಿದರು, "ಕಿವಿ ಚೆನ್ನಾಗೈತೆ ಕಣಕ್ಕಾ."